ನುಣುಪು ಕಲ್ಲಿಗೆ ರತ್ನಗಂಬಳಿಯ ಮುಸುಕು

ಬೆಂಗಳೂರಿನ 30-40ರ ಸೈಟಿನಲ್ಲಿ ಡ್ಯೂಪ್ಲೆಕ್ಸ್ ಮನೆ ಕಟ್ಟುವವರಲ್ಲಿ ಬಹುಪಾಲು ಜನ ಒಳಗಿನ ಮೆಟ್ಟಿಲಿಗೆ ಪಾಲಿಶ್ ಮಾಡಿದ ಗ್ರಾನೈಟನ್ನೇ ಹಾಕಿಸುತ್ತಾರೆ. ಗೃಹಪ್ರವೇಶದ ದಿನ ಅದರಲ್ಲಿ ದೀಪದ ನೆರಳು ಕಾಣುತ್ತದೆ, ಬಂದವರು ಮೆಚ್ಚುತ್ತಾರೆ. ಸಂಸಾರ ಶುರುವಾದ ಮೇಲೆ ಅದೇ ಮೆಟ್ಟಿಲನ್ನು ಅಜ್ಜಿ ಗೋಡೆ ಸವರಿಕೊಂಡು ಇಳಿಯುತ್ತಾರೆ, ಶಾಲೆಯಿಂದ ಬಂದ ಮಗು ಸಾಕ್ಸ್ ಬಿಚ್ಚದೆ ಮೇಲಕ್ಕೆ ಓಡಿದರೆ ತಾಯಿಯ ಎದೆ ಧಸಕ್ಕೆನ್ನುತ್ತದೆ. ಆಗ ಮನೆಯಲ್ಲಿ ಒಂದು ಮಾತು ಏಳುತ್ತದೆ: ಮೆಟ್ಟಿಲ ನಡುವೆ ಉದ್ದಕ್ಕೂ ಒಂದು ಪಟ್ಟೆ ಕಾರ್ಪೆಟ್ ಹಾಕಿಸಿಬಿಟ್ಟರೆ ಹೇಗೆ? ಸಿನಿಮಾಗಳಲ್ಲೂ ಒಳಾಂಗಣ ವಿನ್ಯಾಸದ ಚಿತ್ರಗಳಲ್ಲೂ ಅದು ಚೆಂದ ಕಾಣುತ್ತದೆ, ಅಂಗಡಿಯಲ್ಲಿ ಅಡಿಯ ಲೆಕ್ಕದಲ್ಲಿ ಸಿಗುತ್ತದೆ, ಜಾರುವ ಭಯವೂ ತಪ್ಪಿದಂತೆ ತೋರುತ್ತದೆ. ಆದರೆ ಹೊಳಪಿಗೆಂದು ದುಡ್ಡು ಕೊಟ್ಟು, ಆ ಹೊಳಪನ್ನು ಮುಚ್ಚಲು ಮತ್ತೆ ದುಡ್ಡು ಕೊಡುವ ಮೊದಲು ಒಂದು ವಿಷಯ ತೂಗಿ ನೋಡಬೇಕು. ನಮ್ಮ ಮನೆಗಳ ಮೆಟ್ಟಿಲಿನಲ್ಲಿ ಕಾಲು ಜಾರುವುದಕ್ಕೆ ಕಾರಣಗಳು ಬೇರೆಯೇ ಇವೆ. ಕಾರ್ಪೆಟ್ ಆ ಕಾರಣಗಳಲ್ಲಿ ಹೆಚ್ಚಿನವನ್ನು ಮುಟ್ಟುವುದೇ ಇಲ್ಲ. ಕೆಲವೊಮ್ಮೆ ಹೊಸದೊಂದನ್ನು ಸೇರಿಸುತ್ತದೆ.

ಈ ಪಟ್ಟೆ ಹಾಸು ಹುಟ್ಟಿ ಬೆಳೆದದ್ದು ಚಳಿ ದೇಶದ ಮರದ ಮೆಟ್ಟಿಲಿನ ಮೇಲೆ. ಇಂಗ್ಲೆಂಡಿನ ವಿಲ್ಟನ್, ಕಿಡರ್‌ಮಿನ್‌ಸ್ಟರ್, ಆಕ್ಸ್‌ಮಿನ್‌ಸ್ಟರ್ ಊರುಗಳು 18ನೇ ಶತಮಾನದಿಂದ ಕಾರ್ಪೆಟ್ಟಿಗೆ ಹೆಸರಾದವು. ಥಾಮಸ್ ವಿಟ್ಟಿ ಎಂಬ ನೇಕಾರ ಆಕ್ಸ್‌ಮಿನ್‌ಸ್ಟರಿನಲ್ಲಿ ಮಗ್ಗ ಹೂಡಿದ್ದು 1755ರಲ್ಲಿ. ಅಲ್ಲಿಯ ಮನೆಗಳಲ್ಲಿ ಮರದ ಮೆಟ್ಟಿಲು ನಡೆದಾಗ ಸದ್ದು ಮಾಡುತ್ತಿತ್ತು, ಬೂಟಿನ ಹಿಮ್ಮಡಿಗೆ ಸವೆಯುತ್ತಿತ್ತು, ಚಳಿಗಾಲದಲ್ಲಿ ತಣ್ಣಗೆ ಕೊರೆಯುತ್ತಿತ್ತು. ಉಣ್ಣೆಯ ಹಾಸು ಈ ಮೂರಕ್ಕೂ ಮದ್ದಾಯಿತು. ಪ್ರತಿ ಮೆಟ್ಟಿಲ ಮೂಲೆಯಲ್ಲಿ ಹಿತ್ತಾಳೆಯ ಸರಳೊಂದನ್ನು ಅಡ್ಡ ಹಾಯಿಸಿ ಹಾಸನ್ನು ಬಿಗಿಯಾಗಿ ಹಿಡಿಸುತ್ತಿದ್ದರು. ಹಾಸು ಸವೆಯುವುದು ಮೆಟ್ಟಿಲಿನ ಅಂಚಿನಲ್ಲಿ. ಹಾಗಾಗಿ ಆಗಾಗ ಸರಳು ತೆಗೆದು ಹಾಸನ್ನು ಕೆಲವು ಅಂಗುಲ ಮೇಲಕ್ಕೋ ಕೆಳಕ್ಕೋ ಸರಿಸಿ, ಸವೆತವನ್ನು ಹಂಚುತ್ತಿದ್ದರು. ಮರಕ್ಕೆ ಮೊಳೆ ಹೊಡೆಯಬಹುದಿತ್ತು, ಮನೆಯಲ್ಲಿ ನೆಲಕ್ಕೆ ದಿನಾ ನೀರು ಬೀಳುತ್ತಿರಲಿಲ್ಲ, ಒಳಗೂ ಪಾದರಕ್ಷೆ ಇರುತ್ತಿತ್ತು. ಈ ಯಾವ ಸಂಗತಿಯೂ ನಮ್ಮ ಮನೆಗೆ ಒಪ್ಪುವುದಿಲ್ಲ. ನಮ್ಮದು ಕಲ್ಲು, ಬರಿಗಾಲು, ದಿನಕ್ಕೊಮ್ಮೆ ಒದ್ದೆ ಬಟ್ಟೆ. ಪರಿಹಾರವನ್ನು ಕಡ ತಂದುಕೊಳ್ಳಬಹುದು; ಅದರ ಸಮಸ್ಯೆಯೂ ನಮ್ಮಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಬೀಳುವ ಭಯ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದೇ. ಶೇ. 80ಕ್ಕಿಂತ ಹೆಚ್ಚು ಸಾವು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಗುತ್ತವೆ, ಅದರಲ್ಲೂ 60 ದಾಟಿದವರೇ ಹೆಚ್ಚು. ಇವೆಲ್ಲ ಮೆಟ್ಟಿಲಿನ ಸಾವುಗಳಲ್ಲ ನಿಜ, ಆದರೆ ಮನೆಯೊಳಗೆ ಬಿದ್ದಾಗ ಪೆಟ್ಟು ದೊಡ್ಡದಾಗುವ ಜಾಗಗಳಲ್ಲಿ ಮೆಟ್ಟಿಲು ಮುಖ್ಯವಾದದ್ದು. ಮೆಟ್ಟಿಲಿನ ಅಪಘಾತಗಳನ್ನು ಹತ್ತಾರು ವರ್ಷ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಜಾನ್ ಟೆಂಪ್ಲರ್ ಒಬ್ಬರು. 1992ರಲ್ಲಿ ಅವರು ಈ ಕುರಿತು ಎರಡು ಸಂಪುಟಗಳನ್ನೇ ಪ್ರಕಟಿಸಿದರು. ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು ಎರಡು. ಜನ ಹೆಚ್ಚು ಅಪಾಯಕ್ಕೆ ಸಿಲುಕುವುದು ಹತ್ತುವಾಗ ಅಲ್ಲ, ಇಳಿಯುವಾಗ. ಎಡವಟ್ಟಾಗುವುದು ಹೆಚ್ಚಾಗಿ ಮೊದಲ ಮತ್ತು ಕೊನೆಯ ಕೆಲವು ಮೆಟ್ಟಿಲುಗಳಲ್ಲಿ. ಜಾರುವುದೊಂದೇ ಕಾರಣವಾಗಿದ್ದರೆ ಎಲ್ಲ ಮೆಟ್ಟಿಲಲ್ಲೂ ಸಮನಾಗಿ ಬೀಳಬೇಕಿತ್ತು. ತುದಿ ಮೆಟ್ಟಿಲುಗಳಲ್ಲೇ ಹೆಚ್ಚು ಬೀಳುತ್ತಾರೆಂದರೆ, ಕಾಲು ಎಣಿಸಿದ ಅಳತೆಗೂ ಅಲ್ಲಿರುವ ಅಳತೆಗೂ ತಾಳೆಯಾಗುತ್ತಿಲ್ಲ ಎಂದರ್ಥ.

ಮೊದಲು ಜಾರಿಕೆಯ ಮಾತನ್ನೇ ತೆಗೆದುಕೊಳ್ಳೋಣ. ಒಣಗಿದ ಪಾಲಿಶ್ ಗ್ರಾನೈಟಿನ ಮೇಲೆ ಒಣಗಿದ ಬರಿಗಾಲು ಚೆನ್ನಾಗಿಯೇ ಹಿಡಿಯುತ್ತದೆ. ಆಟ ಕೆಡಿಸುವುದು ನೀರು. ಪಾದಕ್ಕೂ ಕಲ್ಲಿಗೂ ನಡುವೆ ತೆಳ್ಳನೆಯ ನೀರಿನ ಪೊರೆ ನಿಂತರೆ, ಮಳೆಯಲ್ಲಿ ನುಣ್ಣಗೆ ಸವೆದ ಟೈರು ರಸ್ತೆ ಬಿಟ್ಟು ತೇಲುವ ಹಾಗೆ ಕಾಲು ತೇಲುತ್ತದೆ. ಆ ಪೊರೆಯನ್ನು ಸೀಳಿ ಪಾದವನ್ನು ಮುಟ್ಟುವಷ್ಟು ಎತ್ತರದ ತರಿಗಳು ಕಲ್ಲಿನಲ್ಲಿದ್ದರೆ ಮಾತ್ರ ಹಿಡಿತ ಸಿಗುತ್ತದೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಮಾರ್ಗಸೂಚಿಯಂತೆ, ನೀರು ಬೀಳುವ ನೆಲದ ತರಿ 20 ಮೈಕ್ರಾನ್‌ಗಿಂತ ಹೆಚ್ಚಿದ್ದರೆ ಜಾರುವ ಸಂಭವ ಕಡಿಮೆ, 10ಕ್ಕಿಂತ ಕಡಿಮೆಯಿದ್ದರೆ ಅಪಾಯ ಹೆಚ್ಚು. 20 ಮೈಕ್ರಾನ್ ಎಂದರೆ ತಲೆಗೂದಲ ದಪ್ಪದ ಮೂರನೇ ಒಂದು ಭಾಗಕ್ಕೂ ಕಡಿಮೆ. ಕಣ್ಣಿಗೆ ಕಾಣದು, ಅಂಗಾಲಿಗೆ ತಿಳಿಯುತ್ತದೆ. ಪಾಲಿಶ್ ಮಾಡುವುದೆಂದರೆ ಈ ತರಿಯನ್ನೇ ತೇಯ್ದು ತೆಗೆಯುವುದು. ಮುಖ ಕಾಣುವಷ್ಟು ಹೊಳಪು ಬಂತೆಂದರೆ ತರಿ ಹೋಯಿತೆಂದೇ ಲೆಕ್ಕ. ನೆಲ ಒರೆಸುವ ನೀರಿಗೆ ಬೆರೆಸಿದ ಸೋಪಿನಂಶ ಸರಿಯಾಗಿ ಹೋಗದೆ ಉಳಿದರೆ ಅದೂ ಒಂದು ಪೊರೆಯಾಗಿ ಕೂರುತ್ತದೆ. ಹೀಗಾಗಿ ನಮ್ಮ ಮನೆಗಳ ಮೆಟ್ಟಿಲು ಅಪಾಯಕಾರಿಯಾಗುವ ಹೊತ್ತುಗಳು ಎಲ್ಲರಿಗೂ ಗೊತ್ತಿರುವಂಥವೇ: ಬೆಳಿಗ್ಗೆ ನೆಲ ಒರೆಸಿದ ಮೇಲಿನ ಹತ್ತು ನಿಮಿಷ, ಬಚ್ಚಲಿನಿಂದ ಒದ್ದೆಗಾಲಲ್ಲಿ ಬಂದಾಗ, ಒಗೆದ ಬಟ್ಟೆಯ ಬಕೆಟ್ಟನ್ನು ತೊಟ್ಟಿಕ್ಕಿಸುತ್ತಾ ತಾರಸಿಗೆ ಒಯ್ಯುವಾಗ.

ಕಲ್ಲಿನ ಮೆಟ್ಟಿಲು ನಮಗೆ ಹೊಸದಲ್ಲ, ಹೊಸದಾಗಿ ಬಂದದ್ದು ಹೊಳಪು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಜನ ಬರಿಗಾಲಲ್ಲಿ ಹತ್ತಿ ಇಳಿಯುತ್ತಾರೆ. ಚಾಮುಂಡಿ ಬೆಟ್ಟದ 1,000 ಮೆಟ್ಟಿಲು 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದ್ದು. ಹಳೆಯ ಮನೆಗಳ ಜಗಲಿಗೆ ಹಾಸಿದ ಚಪ್ಪಡಿಯನ್ನು ನೋಡಿದರೂ ತಿಳಿಯುತ್ತದೆ: ಉಳಿಯ ಏಟಿನ ಗುರುತನ್ನು ಹಿಂದಿನವರು ಹಾಗೆಯೇ ಬಿಟ್ಟಿದ್ದರು. ಆ ಒರಟುತನವೇ ಹಿಡಿತ. ಕಲ್ಲಿನ ಮೇಲೆ ಅವರು ಹಾಸು ಹಾಕಿದ್ದು ಬೇರೆ ಕಾರಣಕ್ಕೆ. ಬೇಸಿಗೆಯಲ್ಲಿ ದೇವಸ್ಥಾನದ ಪ್ರಾಕಾರದಲ್ಲಿ ಪ್ರದಕ್ಷಿಣೆ ಹಾಕುವವರ ಅಂಗಾಲು ಸುಡದಿರಲೆಂದು ಈಗಲೂ ನಾರಿನ ಚಾಪೆ ಹಾಸುತ್ತಾರೆ. ಕಳೆದ ಕೆಲವು ದಶಕಗಳಲ್ಲಿ ಕಲ್ಲು ಕೊಯ್ಯುವ, ಉಜ್ಜುವ ಯಂತ್ರಗಳು ಊರೂರಿಗೂ ಬಂದವು. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಹಾಸನದ ಹಸಿರು ಛಾಯೆಯ ಗ್ರಾನೈಟು ಕನ್ನಡಿಯಂತೆ ಹೊಳೆದು ಸಾಮಾನ್ಯರ ಕೈಗೂ ಎಟುಕಿತು. ಹಾಲಿನ ನೆಲಕ್ಕೆ ಆರಿಸಿದ ಕಲ್ಲನ್ನೇ ಮೆಟ್ಟಿಲಿಗೂ ಹಾಕುವುದು ವಾಡಿಕೆಯಾಯಿತು. ಸಮತಟ್ಟು ನೆಲದಲ್ಲಿ ಜಾರಿದರೆ ಕೈಯೂರಿ ಕೂರಬಹುದು, ಮೆಟ್ಟಿಲಲ್ಲಿ ಆ ಅವಕಾಶವಿಲ್ಲ ಎಂಬುದು ಆ ವಾಡಿಕೆಯಲ್ಲಿ ಮರೆತುಹೋಯಿತು.

ಇನ್ನು ಕಾರ್ಪೆಟ್ ತರುವ ಹೊಸ ತೊಂದರೆಯ ಲೆಕ್ಕ. ಒಂದು ಮಹಡಿಯ ಎತ್ತರ 3,000 ಮಿಲಿಮೀಟರ್ ಇದ್ದು 17 ಏರುಗಳಿದ್ದರೆ ಪ್ರತಿಯೊಂದು ಏರೂ ಸುಮಾರು 176 ಮಿಲಿಮೀಟರ್ ಆಗುತ್ತದೆ. ಕಾರ್ಪೆಟ್ ಮತ್ತು ಅದರಡಿಯ ಮೆತ್ತೆ ಸೇರಿ 20 ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ನಡುವಿನ ಮೆಟ್ಟಿಲುಗಳೆಲ್ಲ ಒಂದೇ ಪ್ರಮಾಣದಲ್ಲಿ ಮೇಲೇಳುವುದರಿಂದ ಅವುಗಳ ನಡುವಿನ ಅಂತರ ಬದಲಾಗದು. ಆದರೆ ಕೆಳಗಿನ ನೆಲಕ್ಕೆ ಕಾರ್ಪೆಟ್ ಇಲ್ಲ, ಹಾಗಾಗಿ ಮೊದಲ ಏರು 196 ಆಗುತ್ತದೆ. ಮೇಲಿನ ಮಹಡಿಯ ನೆಲಕ್ಕೂ ಇಲ್ಲ, ಹಾಗಾಗಿ ಕೊನೆಯ ಏರು 156ಕ್ಕೆ ಇಳಿಯುತ್ತದೆ. ಮೊದಲಿಗೂ ಕೊನೆಗೂ 40 ಮಿಲಿಮೀಟರ್ ವ್ಯತ್ಯಾಸ. ಅಮೆರಿಕದ ವಸತಿ ಕಟ್ಟಡ ಸಂಹಿತೆ ಒಂದೇ ಸಾಲಿನ ಮೆಟ್ಟಿಲುಗಳಲ್ಲಿ ಅತಿ ಎತ್ತರದ್ದಕ್ಕೂ ಅತಿ ತಗ್ಗಿನದಕ್ಕೂ 9.5 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಸಲ್ಲದು ಎನ್ನುತ್ತದೆ. ಅಷ್ಟು ಬಿಗಿ ನಿಯಮಕ್ಕೆ ಕಾರಣವಿದೆ. ಮೆಟ್ಟಿಲು ಹತ್ತುವಾಗ ನಾವು ಪ್ರತಿ ಹೆಜ್ಜೆಯನ್ನೂ ನೋಡಿ ಇಡುವುದಿಲ್ಲ. ಮೊದಲ ಒಂದೆರಡು ಹೆಜ್ಜೆಯಲ್ಲಿ ಕಾಲು ಅಳತೆ ಕಲಿತು ಮುಂದಿನದನ್ನು ರೂಢಿಯ ಮೇಲೆ ನಡೆಸುತ್ತದೆ. ಬೆರಳ ತುದಿ ಮೆಟ್ಟಿಲಂಚನ್ನು ದಾಟುವುದು ಕೂದಲೆಳೆಯ ಅಂತರದಲ್ಲಿ. ಕಲಿತ ಅಳತೆ ತುದಿಯಲ್ಲಿ ತಪ್ಪಾದರೆ ಹತ್ತುವವರು ಎಡವುತ್ತಾರೆ, ಇಳಿಯುವವರು ಇಲ್ಲದ ನೆಲಕ್ಕೆ ಕಾಲಿಡುತ್ತಾರೆ.

ಹಾಗೆ ನೋಡಿದರೆ ನಮ್ಮಲ್ಲಿ ಅನೇಕ ಮೆಟ್ಟಿಲುಗಳಲ್ಲಿ ಈ ತಪ್ಪು ಮೊದಲೇ ಇರುತ್ತದೆ. ಕಾಂಕ್ರೀಟ್ ಸುರಿಯುವಾಗ ಮೇಸ್ತ್ರಿ ಎಲ್ಲ ಮೆಟ್ಟಿಲನ್ನೂ ಸಮನಾಗಿಯೇ ಹಾಕಿರುತ್ತಾನೆ. ಆಮೇಲೆ ಕೆಳಗಿನ ಹಾಲಿಗೆ ಒಂದು ದಪ್ಪದ ಗಾರೆ ಮತ್ತು ಟೈಲ್ಸ್, ಮೆಟ್ಟಿಲಿಗೆ ಇನ್ನೊಂದು ದಪ್ಪದ ಕಲ್ಲು, ಮೇಲಿನ ಹಾಲಿಗೆ ಮತ್ತೊಂದು ಬಂದಾಗ ತುದಿ ಮೆಟ್ಟಿಲುಗಳು ಹೆಚ್ಚು ಕಡಿಮೆಯಾಗುತ್ತವೆ. ವಾಸ್ತುವಿಗಾಗಿ ಮೆಟ್ಟಿಲಿನ ಸಂಖ್ಯೆ ಬೆಸವಾಗಿದೆಯೇ ಎಂದು ಮನೆಯವರೆಲ್ಲ ನಿಂತು ಎಣಿಸುತ್ತಾರೆ. ಎಲ್ಲವೂ ಒಂದೇ ಎತ್ತರವಿದೆಯೇ ಎಂದು ಟೇಪು ಹಿಡಿದು ನೋಡುವವರು ವಿರಳ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಯ ಮೆಟ್ಟಿಲಿನ ತುಳಿಯುವ ಜಾಗ ಕನಿಷ್ಠ 250 ಮಿಲಿಮೀಟರ್ ಇರಬೇಕು, ಏರು 190ನ್ನು ಮೀರಬಾರದು ಎನ್ನುತ್ತದೆ. 250 ಎಂದರೆ ಬೆಳೆದವರ ಪಾದ ಹಿಡಿಸಿದರೆ ಹಿಡಿಸಿತು ಎನ್ನುವಷ್ಟೇ ಜಾಗ. ಇದರ ಮೇಲೆ ದಪ್ಪ ಕಾರ್ಪೆಟ್ ಸುತ್ತಿದರೆ ಅಂಚು ಮೆತ್ತಗೆ ಉರುಟಾಗುತ್ತದೆ. ಹಿಂಬದಿಯಲ್ಲಿ ಮೇಲಿನ ಮೆಟ್ಟಿಲನ್ನು ಸುತ್ತಿದ ಕಾರ್ಪೆಟ್ ತನ್ನ ದಪ್ಪದಷ್ಟು ಜಾಗ ತಿನ್ನುತ್ತದೆ, ಮುಂದೆ ಚಾಚಿಕೊಂಡ ಮೆತ್ತೆ ಮೈಭಾರ ಹೊರುವುದಿಲ್ಲ. ಇಳಿಯುವಾಗ ಭಾರ ಬೀಳುವುದು ಸರಿಯಾಗಿ ಆ ಅಂಚಿನ ಮೇಲೆಯೇ. ಜಾಗ ಸಾಲದೆ ತಿರುವಿನಲ್ಲಿ ತ್ರಿಕೋನ ಮೆಟ್ಟಿಲು ಕೊಟ್ಟ ಮನೆಗಳಲ್ಲಂತೂ ಹಾಸನ್ನು ಸುಕ್ಕಿಲ್ಲದೆ ಕೂರಿಸುವುದೇ ಕಷ್ಟ.

ಕೂರಿಸುವ ವಿಧಾನದಲ್ಲೂ ತೊಡಕಿದೆ. ಮರದ ಮೆಟ್ಟಿಲಿಗೆ ಮೊಳೆಪಟ್ಟಿ ಹೊಡೆದು ಕಾರ್ಪೆಟ್ಟನ್ನು ಎಳೆದು ಸಿಕ್ಕಿಸುತ್ತಾರೆ. ಗ್ರಾನೈಟಿಗೆ ಮೊಳೆ ಇಳಿಯದು, ಡ್ರಿಲ್ ಮಾಡಿದರೆ ಅಂಚು ಸೀಳುವ ಭಯ. ಉಳಿಯುವುದು ಅಂಟು ಅಥವಾ ಎರಡು ಬದಿಯ ಟೇಪು. ಪಕ್ಕದ ಕಲ್ಲನ್ನು ದಿನಾ ಒರೆಸುವ ನೀರು ಅಂಟಿನ ಅಂಚಿಗೆ ತಾಗುತ್ತಾ ಹೋದರೆ ಒಂದು ದಿನ ಮೂಲೆ ಏಳುತ್ತದೆ. ಎದ್ದ ಮೂಲೆ ಜಾರುವ ಕಲ್ಲಿಗಿಂತ ಕೆಟ್ಟದ್ದು, ಏಕೆಂದರೆ ಕಲ್ಲಿನ ಮೇಲೆ ಎಚ್ಚರವಿರುವವರು ಕಾರ್ಪೆಟ್ಟಿನ ಮೇಲೆ ಎಚ್ಚರ ಬಿಟ್ಟಿರುತ್ತಾರೆ. ನವಲಗುಂದದ ಜಮಖಾನೆಯಂಥ ಹತ್ತಿಯ ಹಾಸನ್ನು ಚೆಂದಕ್ಕೆಂದು ಬಿಡಿಯಾಗಿ ಹಾಸುವುದಂತೂ ಬೇಡವೇ ಬೇಡ. ಅದರ ಜಾಗ ಪಡಸಾಲೆ. ಇನ್ನು ಹವೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದ ತಿಂಗಳುಗಳಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಯೇ ಬೂಸಲು ಹಿಡಿಯುತ್ತದೆ, ಕಲ್ಲಿಗೆ ಅಂಟಿಸಿದ ಹಾಸು ಒಣಗಿರುವುದುಂಟೆ? ಬಯಲುಸೀಮೆಯಲ್ಲಿ ತೇವ ಕಡಿಮೆ, ಅದರ ಬದಲಿಗೆ ಧೂಳು. ಕಣ್ಣಿಗೆ ಕಾಣದ ಧೂಳಿನ ನುಸಿಗಳು ಬೆಚ್ಚಗಿನ, ತೇವದ ಹಾಸಿನಲ್ಲಿ ಬೆಳೆಯುತ್ತವೆ, ಉಬ್ಬಸ ಇರುವವರಿಗೆ ಅವು ಕಾಟ ಕೊಡುತ್ತವೆ. ಕಸಬರಿಗೆಯಿಂದ ಗುಡಿಸಿದರೆ ಈ ಧೂಳು ಮೇಲೇಳುತ್ತದೆಯೇ ಹೊರತು ಹೋಗದು. ವ್ಯಾಕ್ಯೂಮ್ ಕ್ಲೀನರನ್ನು ವಾರಕ್ಕೆ ಒಂದೆರಡು ಬಾರಿ ಮೆಟ್ಟಿಲು ಮೆಟ್ಟಿಲಿಗೂ ಎತ್ತಿಡುವ ವ್ಯವಧಾನ ಇದ್ದವರಷ್ಟೇ ಕಾರ್ಪೆಟ್ಟಿನ ಮಾತಾಡಬೇಕು.

ಇದಕ್ಕೆ ಎದುರು ಹೇಳುವವರ ಮಾತಿನಲ್ಲೂ ಹುರುಳಿದೆ. ಬಿದ್ದರೂ ಮೆತ್ತನೆಯದರ ಮೇಲೆ ಬೀಳಲಿ ಎನ್ನುತ್ತಾರೆ. ಮಂಡಿ, ಮೊಣಕೈ ತರಚುವುದು ಕಡಿಮೆಯಾದೀತು. ಆದರೆ ತೆಳು ಕಾರ್ಪೆಟ್ಟಿನಡಿ ಇರುವುದು ಗ್ರಾನೈಟಿನ ಅಂಚೇ, ಸೊಂಟದ ಮೂಳೆಗೆ ಅದು ಹೆಚ್ಚೇನೂ ರಿಯಾಯಿತಿ ಕೊಡದು. ಪೆಟ್ಟು ತಗ್ಗಿಸುವಷ್ಟು ದಪ್ಪ ಮಾಡಿದರೆ ಮೇಲೆ ಹೇಳಿದ ಅಳತೆಯ ದೋಷ ಬೆಳೆಯುತ್ತದೆ. ಸಾಕುನಾಯಿ ಇರುವ ಮನೆಯವರ ಅಳಲು ಇನ್ನೂ ನ್ಯಾಯವಾದದ್ದು: ನುಣುಪು ಕಲ್ಲಿನ ಮೇಲೆ ನಾಯಿಯ ಉಗುರಿಗೆ ಹಿಡಿತವೇ ಸಿಗುವುದಿಲ್ಲ, ವಯಸ್ಸಾದ ನಾಯಿ ಮೆಟ್ಟಿಲು ಕಂಡರೆ ಹಿಂಜರಿಯುತ್ತದೆ. ಸಾಕ್ಸ್ ಹಾಕಿದ ಮಕ್ಕಳಿಗೂ ಕಾರ್ಪೆಟ್ ಸಹಾಯವೇ. ಹಾಸು ಚೆಲುವಾಗಿ ಕಾಣುತ್ತದೆ, ಸದ್ದು ತಗ್ಗಿಸುತ್ತದೆ ಎಂಬುದನ್ನೂ ಒಪ್ಪಬೇಕು. ಆದರೂ ನಾಯಿಗೂ ಮಗುವಿಗೂ ಬೇಕಾದದ್ದು ಹಿಡಿತ, ಆ ಹಿಡಿತವನ್ನು ಕಲ್ಲಿಗೇ ಕೊಡಲು ಬರುತ್ತದೆ. ಚೆಲುವಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸಬೇಕು. ಉದ್ದುದ್ದ ಪಟ್ಟೆಯ ಅಥವಾ ದಟ್ಟ ಬಳ್ಳಿ ಹೂವಿನ ವಿನ್ಯಾಸ ಮೇಲಿಂದ ನೋಡುವವರಿಗೆ ಒಂದು ಮೆಟ್ಟಿಲು ಎಲ್ಲಿ ಮುಗಿಯಿತೆಂಬುದನ್ನೇ ಮರೆಸುತ್ತದೆ. ಬೈಫೋಕಲ್ ಕನ್ನಡಕದ ಕೆಳಭಾಗದಿಂದ ಮೊದಲೇ ಮಂಜಾಗಿ ಕಾಣುವ ಮೆಟ್ಟಿಲು ಆ ವಿನ್ಯಾಸದಲ್ಲಿ ಪೂರ್ತಿ ಕರಗುತ್ತದೆ.

ಪಾಲಿಶ್ ಕಲ್ಲು ಹಾಕಿಸಿ ಆಗಿದೆ, ಕಿತ್ತು ಹಾಕಲಾಗದು, ಈಗೇನು ಮಾಡೋಣ ಎಂಬುದು ಎಲ್ಲಕ್ಕಿಂತ ವ್ಯಾವಹಾರಿಕ ಪ್ರಶ್ನೆ. ಕಲ್ಲಿನ ಕೆಲಸದವರು ಮೆಟ್ಟಿಲಂಚಿನ ಉದ್ದಕ್ಕೂ ಎರಡು ಮೂರು ಗೆರೆ ಗ್ರೂವ್ ಹೊಡೆದುಕೊಡುತ್ತಾರೆ. ಹಾಕಿದ ಕಲ್ಲಿನಲ್ಲೂ ಕೈಯಂತ್ರದಿಂದ ಇದನ್ನು ಮಾಡಬಹುದು, ಒಂದು ದಿನ ಮನೆ ತುಂಬ ಧೂಳಾಗುತ್ತದೆ ಅಷ್ಟೆ. ಗೆರೆ ನೀರಿಗೆ ದಾರಿ ಕೊಡುತ್ತದೆ, ಬೆರಳಿಗೆ ಆಸರೆ ಕೊಡುತ್ತದೆ. ಕೊಳೆ ಕೂರುತ್ತದೆ ಎನ್ನುವವರಿಗೆ ಹಳೆಯ ಟೂತ್ ಬ್ರಷ್ಷೇ ಉತ್ತರ. ಅದು ಬೇಡವಾದರೆ ಮರಳುಕಾಗದದಂತೆ ತರಿಯಿರುವ ಆ್ಯಂಟಿ ಸ್ಕಿಡ್ ಟೇಪನ್ನು ಅಂಚಿಗೆ ಅಂಟಿಸಬಹುದು. ಅದು ಅಗ್ಗ, ದಪ್ಪ ಒಂದು ಮಿಲಿಮೀಟರಿನ ಆಸುಪಾಸು, ಹಾಗಾಗಿ ಮೆಟ್ಟಿಲಿನ ಅಳತೆ ಕೆಡದು, ಸುಲಿದಾಗ ಬದಲಿಸಬೇಕು. ಕಪ್ಪು ಕಲ್ಲಿಗೆ ಹಳದಿಯೋ ಬಿಳಿಯೋ ಟೇಪು ಆರಿಸಿದರೆ ಅಂಚು ಕಣ್ಣಿಗೂ ಹೊಡೆದು ಕಾಣುತ್ತದೆ, ಒಂದೇ ಖರ್ಚಿನಲ್ಲಿ ಎರಡು ಕೆಲಸ. ಹೊಸದಾಗಿ ಕಟ್ಟುವವರಿಗಂತೂ ದಾರಿ ಇನ್ನೂ ಸಲೀಸು. ಅದೇ ಗ್ರಾನೈಟನ್ನು ಬೆಂಕಿಯ ಉರಿಗೆ ಒಡ್ಡಿ ತರಿ ಎಬ್ಬಿಸಿದ ಫ್ಲೇಮ್ಡ್ ರೂಪದಲ್ಲಿ, ಇಲ್ಲವೇ ಮಂದ ಹೊಳಪಿನ ಲೆದರ್ ಫಿನಿಶ್‌ನಲ್ಲಿ ಕೇಳಿ ಪಡೆಯಬಹುದು. ಫ್ಲೇಮ್ಡ್ ಮಾಡಿದ ಕಲ್ಲು ಮಳೆ ಬೀಳುವ ಹೊರಗಿನ ಮೆಟ್ಟಿಲಿಗೂ ಸೈ. ಟೈಲ್ಸ್ ಕೊಳ್ಳುವವರು ಡಬ್ಬದ ಮೇಲೆ ಆರ್9ರಿಂದ ಆರ್13ರವರೆಗಿನ ಗುರುತು ಇದೆಯೇ ನೋಡಬೇಕು. ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು, ಆರ್9 ಎಂದರೆ ಆ ಪಟ್ಟಿಯ ಕೊನೆಯ ಸ್ಥಾನ.

ಇಷ್ಟಾದರೂ ಕಾಲು ತಪ್ಪುವ ಗಳಿಗೆ ಬಂದೇ ಬರುತ್ತದೆ. ಆಗ ಉಳಿಸುವುದು ನೆಲಕ್ಕಿಂತ ಹೆಚ್ಚಾಗಿ ಕೈ. ಈಗಿನ ಮನೆಗಳಲ್ಲಿ ಗಾಜಿನ ರೇಲಿಂಗ್, ಅದರ ಮೇಲೆ ಅಗಲವಾದ ಮರದ ಹಲಗೆ ರೂಢಿಯಾಗಿದೆ. ನೋಡಲು ಚೆನ್ನ, ಆದರೆ ಬೀಳುವಾಗ ಅಂಗೈಯೊಳಗೆ ಸಿಗುವುದಿಲ್ಲ. ಹೆಬ್ಬೆರಳೂ ಉಳಿದ ಬೆರಳುಗಳೂ ಸುತ್ತಿ ಹಿಡಿಯಲು ಕಂಬಿಯ ದಪ್ಪ 32ರಿಂದ 50 ಮಿಲಿಮೀಟರ್ ಇರಬೇಕು. ಗೋಡೆಯ ಬದಿಗೂ ಅಂಥದೊಂದು ಕಂಬಿ ಹಾಕಿಸಿದರೆ ಗೋಡೆ ಸವರಿಕೊಂಡು ಇಳಿಯುವ ಅಜ್ಜಿಗೆ ನಿಜವಾದ ಆಸರೆ ಸಿಕ್ಕಂತಾಯಿತು. ಬೆಳಕಿನ ವಿಷಯದಲ್ಲಿ ಎಲೆಕ್ಟ್ರಿಷಿಯನ್ನರು ನಮಗಿಂತ ಮೊದಲೇ ಯೋಚಿಸಿದ್ದಾರೆ: ಕೆಳಗೂ ಮೇಲೂ ಸ್ವಿಚ್ ಕೊಟ್ಟು ಒಂದೇ ದೀಪವನ್ನು ಎರಡೂ ಕಡೆಯಿಂದ ಹಾಕಿ ಆರಿಸುವ ಜೋಡಣೆಗೆ ಅವರಲ್ಲಿ ಹೆಸರೇ ಸ್ಟೇರ್‌ಕೇಸ್ ವೈರಿಂಗ್. ಕಾರ್ಪೆಟ್ಟಿಗೆ ಎತ್ತಿಟ್ಟ ಹಣದಲ್ಲಿ ಈ ಎರಡು ಕೆಲಸ ಮೊದಲು ಆಗಬೇಕು, ಏಕೆಂದರೆ ಇವು ಜಾರಿದವರಿಗೂ ಎಡವಿದವರಿಗೂ ಕಣ್ಣು ಮಂಜಾದವರಿಗೂ ಒಟ್ಟಿಗೆ ಒದಗುತ್ತವೆ.

ಹಾಗಾದರೆ ಕಾರ್ಪೆಟ್ ಯಾರಿಗೂ ಬೇಡವೇ? ಬೇಕಾದ ಮನೆಗಳಿವೆ. ಒಳಗಿನ ಮೆಟ್ಟಿಲು ಮರದ್ದಾಗಿದ್ದು, ಅದಕ್ಕೆ ನೀರು ತಾಗದೆ, ನೇರವಾಗಿದ್ದು, ತುಳಿಯುವ ಜಾಗ ಧಾರಾಳವಾಗಿದ್ದರೆ ಪಟ್ಟೆ ಹಾಸು ಒಪ್ಪುತ್ತದೆ. ಅಮೆರಿಕ, ಬ್ರಿಟನ್ನಿನಲ್ಲಿ ಮರದ ಮನೆ ಕೊಂಡ ಕನ್ನಡಿಗರಿಗೆ, ಚಳಿಗೆ ದಿನವಿಡೀ ಸಾಕ್ಸ್ ಹಾಕಿರುವ ಮಕ್ಕಳಿರುವಲ್ಲಿ, ಅದು ಸರಿಯಾದ ಆಯ್ಕೆಯೇ; ಹಾಸು ಹುಟ್ಟಿದ್ದೇ ಅಂಥ ಮನೆಗೆ. ಅಲ್ಲೂ ಕೆಲವು ಷರತ್ತುಗಳುಂಟು. ಎಳೆ ಗಿಡ್ಡವಾಗಿ ದಟ್ಟವಾಗಿರಬೇಕು, ಮೆತ್ತೆ ತೆಳುವಾಗಿ ಗಟ್ಟಿಯಾಗಿರಬೇಕು, ಹಾಸು ಅಂಚನ್ನು ಬಿಗಿಯಾಗಿ ಅಪ್ಪಿರಬೇಕು. ಮೇಲಿನ ತುದಿಯಲ್ಲಿ ಅಲ್ಲಿಗೇ ಕತ್ತರಿಸದೆ ಮಹಡಿಯ ನೆಲದ ಮೇಲೂ ಒಂದಷ್ಟು ದೂರ ಮುಂದುವರಿಸಿದರೆ ಕೊನೆಯ ಏರು ತಗ್ಗುವ ದೋಷ ತಪ್ಪುತ್ತದೆ. ಕೆಳಗಿನ ಮೊದಲ ಏರಿನ ದೋಷ ಉಳಿಯುವುದರಿಂದ ಒಟ್ಟು ದಪ್ಪ 9 ಮಿಲಿಮೀಟರನ್ನು ಮೀರದಂತೆ ನೋಡಿಕೊಳ್ಳಬೇಕು. ಕಂಬಳಿಯಂತೆ ಕಾಲು ಹೂತುಹೋಗುವ ಕಾರ್ಪೆಟ್ ಮಲಗುವ ಕೋಣೆಗಿರಲಿ.

ಉಳಿದವರು, ಎಂದರೆ ನಮ್ಮಲ್ಲಿ ಕಲ್ಲಿನ ಮೆಟ್ಟಿಲಿರುವ ಬಹುತೇಕರು, ಕಾರ್ಪೆಟ್ ಅಂಗಡಿಗೆ ಹೋಗುವ ಮೊದಲು ಒಂದು ಭಾನುವಾರ ಟೇಪು ಹಿಡಿದು ತಮ್ಮ ಮನೆಯ ಪ್ರತಿ ಮೆಟ್ಟಿಲನ್ನೂ ಅಳೆಯಲಿ. ಮೊದಲಿನದೋ ಕೊನೆಯದೋ ಹೆಚ್ಚು ಕಡಿಮೆ ಇದ್ದರೆ ಅದಕ್ಕೆ ಎದ್ದು ಕಾಣುವ ಬಣ್ಣದ ಪಟ್ಟಿ ಹಾಕಿ ಮನೆಯವರಿಗೆಲ್ಲ ತಿಳಿಸಿಡಲಿ. ಅಂಚಿಗೆ ಗ್ರೂವ್ ಅಥವಾ ಟೇಪು, ಗೋಡೆಗೆ ಕಂಬಿ, ಎರಡೂ ತುದಿಗೆ ಸ್ವಿಚ್ ಆಗಲಿ. ಒರೆಸಿದ ಮೆಟ್ಟಿಲು ಒಣಗುವವರೆಗೆ ಯಾರೂ ಇಳಿಯದಿರಲಿ. ಇವೆಲ್ಲ ಆದ ಮೇಲೂ ಕಾರ್ಪೆಟ್ ಬೇಕೆನಿಸಿದರೆ ಅದು ಅಲಂಕಾರದ ಆಸೆ. ತಪ್ಪಲ್ಲ, ಆದರೆ ಅದನ್ನು ಸುರಕ್ಷತೆಯ ಖರ್ಚೆಂದು ಬರೆದುಕೊಳ್ಳುವುದು ಬೇಡ. ಮನೆ ಇನ್ನೂ ಕಟ್ಟುತ್ತಿರುವವರಿಗೆ ಹೇಳುವುದು ಒಂದೇ ಮಾತು: ಕಲ್ಲಿನಂಗಡಿಯಲ್ಲಿ ಹಾಲಿನ ನೆಲದ ಕಲ್ಲು ಆರಿಸಿದ ಮೇಲೆ, ಮೆಟ್ಟಿಲಿನದನ್ನು ಪಾಲಿಶ್ ಮಾಡಬೇಡಿ ಎಂದು ಹೇಳಿ ಬನ್ನಿ.